ಬಾಫಲ್ ಕಳಚಿದ ಕತೆ: ಸೈಲೆನ್ಸರ್ ಬದಲಿಸುವ ಹುಚ್ಚು ಎಲ್ಲಿಂದ ಬಂತು?

ಯಮಹಾ ಆರ್‌ಎಕ್ಸ್ 100 ಬೈಕಿನ ಸೈಲೆನ್ಸರಿನ ಬಾಲದ ಹತ್ತಿರ ಒಂದು ಪುಟ್ಟ ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿ ಇಕ್ಕಳ ಹಾಕಿ ಎಳೆದರೆ ಒಳಗಿನಿಂದ ಗೇಣಿಗಿಂತ ಉದ್ದದ, ಮೈತುಂಬ ತೂತಿರುವ ಕೊಳವೆಯೊಂದು ಹೊರಗೆ ಬರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬಾಫಲ್. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ನಮ್ಮ ಬೀದಿಯ ಗ್ಯಾರೇಜಿನಲ್ಲಿ ತಿಂಗಳಿಗೊಮ್ಮೆಯಾದರೂ ಈ ಶಾಸ್ತ್ರ ನಡೆಯುತ್ತಿತ್ತು. ಪೆಟ್ರೋಲಿನ ಜೊತೆ ಉರಿದ ಆಯಿಲ್ಲು ಡಾಂಬರಿನಂತೆ ಗಟ್ಟಿಯಾಗಿ ಬಾಫಲ್ಲಿನ ಅರ್ಧ ತೂತುಗಳನ್ನು ಮುಚ್ಚಿಬಿಟ್ಟಿರುತ್ತಿತ್ತು. ಹುಡುಗ ಅದಕ್ಕೆ ಸೀಮೆಎಣ್ಣೆ ಚಿಮುಕಿಸಿ ಬೆಂಕಿ ಹಚ್ಚುತ್ತಿದ್ದ. ಉರಿ ಇಳಿದ ಮೇಲೆ ಚಪ್ಪಡಿ ಕಲ್ಲಿಗೆ ಕುಟ್ಟಿದರೆ ಕಪ್ಪು ಹಕ್ಕಳೆ ಉದುರುತ್ತಿತ್ತು.

ಬಾಫಲ್ ಆರುವಷ್ಟು ಹೊತ್ತು ಕಾಯಲಾರದ ಗಿರಾಕಿಗಳೂ ಇದ್ದರು. “ಅದನ್ನ ಹಾಕ್ಬೇಡಿ ಅಣ್ಣ, ಹಂಗೇ ಬಿಡಿ” ಅಂತ ಕಿಕ್ ಹೊಡೆದು, ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸಿಕೊಂಡು ಹೋಗುವರು. ಸಂಜೆ ತಿರುಗಿ ಬಂದಾಗ ಒಂದೇ ಮಾತು: “ಗಾಡಿ ಏನ್ ಎಳೀತಿದೆ ಗೊತ್ತಾ!”

ಅದು ಸುಳ್ಳಲ್ಲ. ತಪ್ಪಿದ್ದು ಕಾರಣದಲ್ಲಿ. ಅಷ್ಟು ದಿನ ಉಸಿರು ಕಟ್ಟಿದ್ದ ಇಂಜಿನ್ನಿಗೆ ಕಾರ್ಬನ್ ಹೋಗಿದ್ದರಿಂದ ಉಸಿರು ಬಂದಿತ್ತು. ಬಾಫಲ್ ತೊಳೆದು ಮತ್ತೆ ಹಾಕಿದ್ದರೂ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತಿತ್ತು. ಆದರೆ ಓಡಿಸುವವನ ಕಿವಿಗೆ ಸದ್ದು, ಮೈಗೆ ಪಿಕಪ್ ಎರಡೂ ಒಟ್ಟಿಗೇ ತಾಕಿದ್ದರಿಂದ ಒಂದರಿಂದಲೇ ಇನ್ನೊಂದು ಬಂತೆಂಬ ಗಂಟು ಬಿತ್ತು. ಆ ಗಂಟು ಇನ್ನೂ ಬಿಚ್ಚಿಲ್ಲ. ಇವತ್ತು ಮೂರು ಲಕ್ಷದ ಬೈಕಿಗೆ ಮೂವತ್ತು ಸಾವಿರದ ಸೈಲೆನ್ಸರ್ ಹುಡುಕುವವನ ತಲೆಯಲ್ಲೂ ಅದೇ ಇರುತ್ತದೆ.

ಸೈಲೆನ್ಸರ್ ಅನ್ನುವ ಹೆಸರನ್ನೇ ನೋಡಿ. ಸದ್ದಡಗಿಸುವುದು ಎಂದು ಅರ್ಥ. ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು 1897ರಲ್ಲಿ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಾಗ ಉದ್ದೇಶ ಇದ್ದದ್ದು ಅದೊಂದೇ: ಗಾಡಿ ಕಂಡು ಕುದುರೆ ಬೆದರಬಾರದು, ಜನ ಬೈಯಬಾರದು. ಹೊಗೆಯ ಕೊಳವೆಯಿಂದ ಇಂಜಿನ್ನಿನ ಶಕ್ತಿಯನ್ನು ಎಷ್ಟೊಂದು ಹೆಚ್ಚಿಸಬಹುದು ಎಂಬುದು ಗಟ್ಟಿಯಾಗಿ ಗೊತ್ತಾದದ್ದು ಅರ್ಧ ಶತಮಾನ ಕಳೆದ ಮೇಲೆ, ಅದೂ ಯಾರೂ ನಿರೀಕ್ಷಿಸದ ಕಡೆ.

ಪೂರ್ವ ಜರ್ಮನಿಯ ಚೋಪೌ ಎಂಬ ಸಣ್ಣ ಊರಿನಲ್ಲಿ ಎಂಜಡ್ ಎಂಬ ಮೋಟಾರ್‌ಸೈಕಲ್ ಕಾರ್ಖಾನೆ ಇತ್ತು. ಕೈಯಲ್ಲಿ ದುಡ್ಡಿಲ್ಲ, ಒಳ್ಳೆಯ ಲೋಹವಿಲ್ಲ. 1950ರ ದಶಕದಲ್ಲಿ ಅಲ್ಲಿನ ರೇಸಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ವಾಲ್ಟರ್ ಕಾಡೆನ್ ಟೂ ಸ್ಟ್ರೋಕ್ ಇಂಜಿನ್ನಿನ ಒಂದು ಹಳೇ ರೋಗಕ್ಕೆ ಮದ್ದು ಹುಡುಕುತ್ತಿದ್ದ. ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗುವಷ್ಟರಲ್ಲೇ ಒಂದು ಸಿಡಿತ ಮುಗಿಸುವ ಟೂ ಸ್ಟ್ರೋಕಿನಲ್ಲಿ ವಾಲ್ವ್ ಇರುವುದಿಲ್ಲ, ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಸುಟ್ಟ ಹೊಗೆ ಹೊರಹೋಗುವಾಗಲೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರಬೇಕು. ಅದರಲ್ಲಿ ಒಂದಷ್ಟು ಉರಿಯದೇ ಹೊಗೆಯ ಹಿಂದೆಯೇ ಓಡಿಹೋಗುತ್ತದೆ. ಕಾಡೆನ್ ಕೊಳವೆಯ ನಡುವನ್ನು ಉಬ್ಬಿಸಿ, ಬಾಲವನ್ನು ಮತ್ತೆ ಸಣ್ಣಗೆ ಮಾಡಿದ. ಹೊಗೆಯ ಒತ್ತಡದ ಅಲೆ ಅಗಲವಾಗುವ ಜಾಗ ಮುಟ್ಟಿದಾಗ ಹಿಂದಕ್ಕೆ ಹೀರುವ ಅಲೆಯೊಂದು ಮರಳಿ, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಕೊಳ್ಳುತ್ತದೆ. ಕಿರಿದಾಗುವ ಜಾಗಕ್ಕೆ ಬಡಿದಾಗ ತಳ್ಳುವ ಅಲೆ ಮರಳುತ್ತದೆ. ತಪ್ಪಿಸಿಕೊಂಡು ಹೊರಟಿದ್ದ ಪೆಟ್ರೋಲನ್ನು ಅದು ಕಿಂಡಿ ಮುಚ್ಚುವ ಮೊದಲೇ ಒಳಕ್ಕೆ ನೂಕುತ್ತದೆ.

ಇದರ ಲೆಕ್ಕ ಎಷ್ಟು ನಾಜೂಕು ಅಂದರೆ, ನಮ್ಮ ಆರ್‌ಎಕ್ಸ್ 100ನ್ನೇ ತೆಗೆದುಕೊಳ್ಳಿ. ಅದು ತನ್ನ 11 ಅಶ್ವಶಕ್ತಿಯನ್ನು ಪೂರ್ತಿ ಕೊಡುವುದು 7,500 ಆರ್‌ಪಿಎಂನಲ್ಲಿ, ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಅಂದರೆ ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಒಂದು ಸುತ್ತಿಗೆ ಅದರಲ್ಲಿ ಎಂಟು ಭಾಗ. ಹೊಗೆಯ ಕಿಂಡಿ ತೆರೆದಿರುವುದು ಅದರ ಅರ್ಧ ಹೊತ್ತು. ಬಿಸಿ ಹೊಗೆಯಲ್ಲಿ ಅಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಆ ಹೊತ್ತಿನಲ್ಲಿ ಹೋಗಿಬರಲು ಸಿಗುವುದು ಎರಡು ಮೀಟರ್ ದಾರಿ. ಹಾಗಾಗಿ ಕೊಳವೆಯಲ್ಲಿ ಅಲೆ ತಿರುಗುವ ಜಾಗ ಮೀಟರಿನ ಆಸುಪಾಸಿನಲ್ಲೇ ಇರಬೇಕು. ನಾಲ್ಕು ಬೆರಳು ಆಚೀಚೆ ಆದರೆ ಎಳೆತ ಸಿಗುವ ಆರ್‌ಪಿಎಂ ಬೇರೆಯಾಗುತ್ತದೆ. ಟೂ ಸ್ಟ್ರೋಕಿನಲ್ಲಿ ಕೊಳವೆ ಇಂಜಿನ್ನಿನದೇ ಒಂದು ಅಂಗ. ಅದನ್ನು ಬದಲಿಸುವುದೆಂದರೆ ಇಂಜಿನ್ನನ್ನೇ ತಿದ್ದಿದಂತೆ.

1961ರಲ್ಲಿ ಎಂಜಡ್‌ನ 125 ಸಿಸಿ ಇಂಜಿನ್ 25 ಅಶ್ವಶಕ್ತಿ ಮುಟ್ಟಿತು, ಅಂದರೆ ಸಾವಿರ ಸಿಸಿಗೆ 200ರ ಲೆಕ್ಕ. ಅದೇ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ಗೋಡೆ ಎದ್ದಿತು. ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡ್‌ನ ರೇಸಿನ ನಂತರ ಎಂಜಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ತಂಡಕ್ಕೆ ಕೈಕೊಟ್ಟು ಪಶ್ಚಿಮಕ್ಕೆ ಓಡಿಹೋದ. ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಗಿತ್ತು. ಕಾಡೆನ್‌ನ ವಿದ್ಯೆಯೆಲ್ಲ ಅವನ ಜೊತೆ ಸುಜುಕಿಗೆ ಹೋಯಿತು. ಮರುವರ್ಷವೇ ಡೆಗ್ನರ್ ಸುಜುಕಿಯ ಮೇಲೆ ಕೂತು 50 ಸಿಸಿ ವಿಶ್ವ ಚಾಂಪಿಯನ್ ಆದ. ಜಪಾನಿನ ಟೂ ಸ್ಟ್ರೋಕ್‌ಗಳ ದಿನಗಳು ಶುರುವಾದದ್ದು ಹೀಗೆ.

ನಮ್ಮಲ್ಲಿ ಟೂ ಸ್ಟ್ರೋಕಿನ ರುಚಿ ಹತ್ತಿಸಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. 1961ರಿಂದ ಜಾವಾ, 70ರ ದಶಕದಿಂದ ಯೆಜ್ಡಿ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಎರಡೂ ಕಡೆಯಿಂದ ನೀಲಿ ಹೊಗೆ. ಹಿಂದೆಯೇ 1983ರಲ್ಲಿ ರಾಜ್‌ದೂತ್ 350, 1985ರ ಕೊನೆಗೆ ಆರ್‌ಎಕ್ಸ್ 100 ಬಂದವು. 1996ರಲ್ಲಿ ಮೈಸೂರಿನ ಕಾರ್ಖಾನೆಯೂ ಮುಚ್ಚಿತು, ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಹೊಗೆಯ ನಿಯಮ ಬಿಗಿಯಾಗುತ್ತ ಹೋದಂತೆ ಉಳಿದ ಟೂ ಸ್ಟ್ರೋಕ್ ಬೈಕುಗಳೂ ಅಂಗಡಿಯಿಂದ ಮಾಯವಾದವು. ಆದರೆ ‘ಸೈಲೆನ್ಸರ್ ಬದಲಿಸಿದರೆ ಗಾಡಿ ಎಳೆಯುತ್ತದೆ’ ಎಂಬ ಮಾತು ಅವುಗಳ ಜೊತೆ ಹೋಗಲಿಲ್ಲ. ಅದು ನೇರ ಬುಲೆಟ್ ಹತ್ತಿ ಕೂತಿತು.

ಬುಲೆಟ್ ಫೋರ್ ಸ್ಟ್ರೋಕ್, ಪಿಸ್ಟನ್ ಎರಡು ಸಲ ಮೇಲೆ ಕೆಳಗೆ ಹೋದರೆ ಒಂದು ಸಿಡಿತ. 1955ರಿಂದ ಮದರಾಸಿನಲ್ಲಿ ತಯಾರಾಗುತ್ತ ಬಂದ 350ರ ಸಿಲಿಂಡರಿನ ಅಗಲ 70 ಮಿ.ಮೀ., ಪಿಸ್ಟನ್ನಿನ ಓಟ 90 ಮಿ.ಮೀ. ಉದ್ದ ಓಟ, ಭಾರದ ಫ್ಲೈವೀಲು, ನಿಧಾನದ ಸುತ್ತು. ಒಂದೊಂದು ಸಿಡಿತವೂ ಬಿಡಿಬಿಡಿಯಾಗಿ ಕೇಳುವುದು ಅದಕ್ಕೇ. ಫೋರ್ ಸ್ಟ್ರೋಕಿನಲ್ಲಿ ಹೊಗೆಗೊಂದು, ಗಾಳಿಗೊಂದು ವಾಲ್ವ್ ಇರುತ್ತವೆ. ಎರಡೂ ಒಟ್ಟಿಗೆ ತೆರೆದಿರುವುದು ಕ್ಷಣಮಾತ್ರ. ಕೊಳವೆಗೆ ಇಂಜಿನ್ನಿನ ಮೇಲೆ ಹಿಡಿತ ಸಿಗುವುದು ಮುಖ್ಯವಾಗಿ ಆ ಕ್ಷಣದಲ್ಲೇ. ರೇಸ್ ಬೈಕಿನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಬೇರೆ ಥರದ್ದು, ಇಂಜಿನ್ 13,000 ಆರ್‌ಪಿಎಂ ತನಕ ಸುತ್ತುತ್ತದೆ. ಅಲ್ಲಿ ಇದು ಲೆಕ್ಕಕ್ಕೆ ಬರುತ್ತದೆ. ಐದು ಸಾವಿರ ದಾಟಲು ಏದುಸಿರು ಬಿಡುವ ಬುಲೆಟ್ಟಿನಲ್ಲಿ ಬರೀ ಸೈಲೆನ್ಸರ್ ಬದಲಿಸಿದರೆ ಸಿಗುವ ಶಕ್ತಿಯನ್ನು ತೊಡೆಯ ನಡುವೆ ಗುರುತಿಸುವುದು ಕಷ್ಟ. ಸಿಗುವುದು ಸದ್ದು.

ಸದ್ದೇ ಬೇಕೆನ್ನುವವರಿಗೆ ಅದೇನೂ ತೊಂದರೆಯಾಗಲಿಲ್ಲ ಬಿಡಿ. ಶಾರ್ಟ್ ಬಾಟಲ್, ಗೋಲ್ಡ್‌ಸ್ಟಾರ್, ಪಂಜಾಬಿ ಎಂದು ಸೈಲೆನ್ಸರಿನ ಹೆಸರು ಹೇಳಿ ಕೇಳುವ ಕಾಲ ಬಂತು. ಗೋಲ್ಡ್‌ಸ್ಟಾರ್ ಅನ್ನುವುದು ಬಿಎಸ್‌ಎ ಎಂಬ ಇಂಗ್ಲಿಷ್ ಕಂಪನಿಯ 50ರ ದಶಕದ ರೇಸ್ ಬೈಕಿನ ಹೆಸರು, ಅದರ ಸೈಲೆನ್ಸರಿನ ಆಕಾರ ಮಾತ್ರ ಇಲ್ಲಿಗೆ ಬಂದದ್ದು. 2010ರ ಹೊತ್ತಿಗೆ ರಾಯಲ್ ಎನ್‌ಫೀಲ್ಡ್ ಹಳೆಯ ಬೀಡು ಕಬ್ಬಿಣದ ಇಂಜಿನ್ ಬಿಟ್ಟು ಹೊಸದಕ್ಕೆ ಹೋದಾಗ ‘ಗುಡುಗುಡು ಹೋಯ್ತು’ ಎಂಬ ಗೊಣಗಾಟ ಎದ್ದು, ಹಳೇ ಸದ್ದು ಕೊಡಿಸುವ ಸೈಲೆನ್ಸರುಗಳಿಗೆ ಇನ್ನೊಂದು ಗಿರಾಕಿ ಹಿಂಡು ಸಿಕ್ಕಿತು.

ಪಟಾಕಿ ಹೊಡೆಸುವ ಚಟ ಶುರುವಾದದ್ದೂ ಇಲ್ಲೇ. ಓಡುತ್ತಿರುವಾಗ ಇಂಜಿನ್ ಆರಿಸುವ ಕಿಲ್ ಸ್ವಿಚ್ ಒತ್ತಿ ಮತ್ತೆ ಬಿಟ್ಟರೆ, ನಡುವೆ ಉರಿಯದೇ ಸೈಲೆನ್ಸರ್ ಸೇರಿದ ಪೆಟ್ರೋಲ್ ಒಮ್ಮೆಲೇ ಹೊತ್ತಿ ಢಮ್ ಎನ್ನುತ್ತದೆ. ಬೀದಿಯಲ್ಲಿ ಮಗು ಮಲಗಿರುತ್ತದೆ, ಹೃದ್ರೋಗಿಗಳಿರುತ್ತಾರೆ. ಅದು ಕಲೆ ಎನ್ನುವವರ ಜೊತೆ ವಾದಕ್ಕಿಳಿಯುವ ವ್ಯವಧಾನ ನನಗಿಲ್ಲ.

ಕಾನೂನಿನ ಕತೆಯಲ್ಲೂ ಒಂದು ತಮಾಷೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ಗಾಡಿಗೂ ಸೈಲೆನ್ಸರ್ ಕಡ್ಡಾಯ ಮಾಡುತ್ತದೆ. ‘ಎಕ್ಸ್‌ಪಾನ್ಶನ್ ಚೇಂಬರ್ ಮೂಲಕವೋ ಇನ್ನೊಂದು ರೀತಿಯಲ್ಲೋ’ ಸದ್ದನ್ನು ಸಾಧ್ಯವಾದಷ್ಟು ತಗ್ಗಿಸಬೇಕು ಎನ್ನುತ್ತದೆ. ಕಾಡೆನ್ ಮಾಡಿದ ಉಬ್ಬು ಕೊಳವೆಗೂ ರೇಸಿನವರು ಇಟ್ಟ ಹೆಸರು ಎಕ್ಸ್‌ಪಾನ್ಶನ್ ಚೇಂಬರ್ರೇ. ಒಬ್ಬರಿಗೆ ಸದ್ದಡಗಿಸುವ ಡಬ್ಬಿ, ಇನ್ನೊಬ್ಬರಿಗೆ ಕಿವಿ ಹರಿಯುವ ಕೊಂಬು.

ಎಷ್ಟು ಸದ್ದು ಎಂಬುದಕ್ಕೆ 2005ರ ಏಪ್ರಿಲ್‌ನಿಂದ ಅಂಕಿಗಳಿವೆ: 80 ಸಿಸಿ ತನಕ 75 ಡೆಸಿಬಲ್, 175 ಸಿಸಿ ತನಕ 77, ಅದರ ಮೇಲೆ 80. ಡೆಸಿಬಲ್ಲಿನ ಲೆಕ್ಕ ಮಾಮೂಲಿ ಕೂಡುವ ಲೆಕ್ಕವಲ್ಲ. 80ರಿಂದ 90ಕ್ಕೆ ಹೋದರೆ ಅಂಥ ಹತ್ತು ಬೈಕು ಒಟ್ಟಿಗೆ ಹೋದಂತೆ. ಆದರೆ ಈ ಮಿತಿ ಇರುವುದು ತಯಾರಕರಿಗೆ. ಏಳೂವರೆ ಮೀಟರ್ ದೂರದಲ್ಲಿ ಮೈಕ್ ನಿಲ್ಲಿಸಿ, ಬಯಲಿನಲ್ಲಿ ಗಾಡಿಯನ್ನು ಪೂರ್ತಿ ಥ್ರಾಟಲ್ಲಿನಲ್ಲಿ ಹಾಯಿಸಿ ಅಳೆಯುವ ಪರೀಕ್ಷೆ ಅದು. ಸಿಗ್ನಲ್ಲಿನಲ್ಲಿ ನಿಂತ ಟ್ರಾಫಿಕ್ ಪೊಲೀಸರು ಅದನ್ನು ಮಾಡಲಾದೀತೇ? ಕಣ್ಣಿಗೆ ಕಂಪನಿಯದ್ದಲ್ಲ ಅನ್ನಿಸಿದರೆ ಹಿಡಿಯುತ್ತಾರೆ. ಸದ್ದೇ ಮಾಡದ ಬೇರೆ ಸೈಲೆನ್ಸರ್ ಹಾಕಿದವನೂ ಸಿಕ್ಕಿಬೀಳುತ್ತಾನೆ, ಕಂಪನಿ ಸೈಲೆನ್ಸರಿನ ಹೊಟ್ಟೆ ಕೊಯ್ದು ಬಾಫಲ್ ತೆಗೆಸಿ ಮತ್ತೆ ವೆಲ್ಡ್ ಮಾಡಿಸಿದವನು ರಾಜಾರೋಷವಾಗಿ ದಾಟಿಹೋಗುತ್ತಾನೆ. ವಶಪಡಿಸಿಕೊಂಡ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹರಿಸುವ ದೃಶ್ಯ ನಮ್ಮ ರಾಜ್ಯದ ಊರುಗಳಲ್ಲೂ ಈಗ ಹೊಸದಲ್ಲ. ಕ್ಯಾಮೆರಾಕ್ಕೆ ಒಳ್ಳೆಯ ಚಿತ್ರ.

ದಂಡದ ಬಲ ಬಂದದ್ದು 2019ರಲ್ಲಿ. ಆ ಜನವರಿಯಲ್ಲಿ ಸುಪ್ರೀಂ ಕೋರ್ಟ್, ತಯಾರಕರ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ ಆಗಬಹುದು. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿ ಓಡಿಸಿದರೆ 190ನೇ ಕಲಮಿನಡಿ ಮೊದಲ ಸಲಕ್ಕೇ 10,000 ರೂಪಾಯಿ ತನಕ ದಂಡ ಅಥವಾ ಮೂರು ತಿಂಗಳ ತನಕ ಜೈಲು, ಇಲ್ಲವೇ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಇಲ್ಲ.

ನಿಜವಾಗಿ ಆಟ ಬದಲಿಸಿದ್ದು ಪೊಲೀಸರಲ್ಲ, 2020ರ ಏಪ್ರಿಲ್‌ನಲ್ಲಿ ಬಂದ ಬಿಎಸ್ 6 ಎಂಬ ಹೊಗೆಯ ನಿಯಮ. ಕಾರ್ಬ್ಯುರೇಟರ್ ಕಾಲದಲ್ಲಿ ಸೈಲೆನ್ಸರ್ ಬದಲಿಸಿದರೆ ಪೆಟ್ರೋಲ್ ಬಿಡುವ ತೂತಿನ ಬಿಲ್ಲೆ, ಅಂದರೆ ಮೇನ್ ಜೆಟ್, ಒಂದು ನಂಬರ್ ದೊಡ್ಡದು ಹಾಕಿ ಸರಿಮಾಡುತ್ತಿದ್ದರು. ಈಗ ಇಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಕೂತು ಹೊಗೆಯನ್ನು ಮೂಸಿ ನೋಡುತ್ತಿರುತ್ತದೆ, ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಪೆಟ್ರೋಲ್ ಅಳೆದು ಬಿಡುತ್ತದೆ. ನಿಧಾನವಾಗಿ ಹೋಗುವಾಗ ಸೆನ್ಸರ್ ಮಾತು ಕೇಳಿ ಹೊಂದಿಸಿಕೊಳ್ಳುವ ಇಸಿಯು, ಥ್ರಾಟಲ್ ಪೂರ್ತಿ ತಿರುವಿದಾಗ ಕಂಪನಿ ಬರೆದಿಟ್ಟ ಕೋಷ್ಟಕದಂತೆ ನಡೆಯುತ್ತದೆ. ಆ ಕೋಷ್ಟಕ ಬರೆದದ್ದು ಕಂಪನಿ ಸೈಲೆನ್ಸರಿಗೆ. ಹೊಗೆ ಸಲೀಸಾಗಿ ಹರಿಯುವ ಬೇರೆ ಕೊಳವೆ ಹಾಕಿದರೆ ಪೆಟ್ರೋಲ್ ಸಾಲದೆ ಇಂಜಿನ್ ಬಿಸಿಯೇರುತ್ತದೆ. ‘ಬ್ಯಾಕ್ ಪ್ರೆಷರ್ ಕಮ್ಮಿ ಆಯ್ತು, ಅದಕ್ಕೇ ಎಳೀತಿಲ್ಲ’ ಎಂದು ಗ್ಯಾರೇಜಿನಲ್ಲಿ ಹೇಳುವ ಮಾತಿನ ಹಿಂದೆ ಬಹಳ ಸಲ ಇರುವುದು ಇದೇ. ಬ್ಯಾಕ್ ಪ್ರೆಷರ್ ಅಂದರೆ ಹೊರಹೋಗುವ ಹೊಗೆಗೆ ಎದುರಾಗುವ ತಡೆ, ಇಂಜಿನ್ನಿಗೆ ಅದು ಬೇಕಾಗಿಲ್ಲ. ಹೊಗೆಗೆ ವೇಗ ಬೇಕು, ಪೆಟ್ರೋಲಿನ ಹದ ಬೇಕು.

ಇಷ್ಟು ಗೊತ್ತಿದ್ದೂ ಬದಲಿಸಬೇಕೆನ್ನುವವರು ಇದ್ದಾರೆ, ಅವರ ಕಾರಣಗಳೆಲ್ಲ ಹುಚ್ಚಲ್ಲ. ಭಾರದ ಸೈಲೆನ್ಸರ್ ಇಳಿಸಿದರೆ ಕಿಲೋಗಟ್ಟಲೆ ತೂಕ ಹೋಗುತ್ತದೆ. ಟ್ರ್ಯಾಕಿಗೆ ಹೋಗುವವರಿಗೆ ಅದು ಬೇಕು. ಹಳೆಯ ಸೈಲೆನ್ಸರ್ ತುಕ್ಕು ಹಿಡಿದು ತೂತಾದವರೂ ಇದ್ದಾರೆ. ಅಂಥವರಿಗೆ ನನ್ನ ಮೊದಲ ಮಾತು: ಗಾಡಿ ಕಂಪನಿಯೇ ತನ್ನ ಬಿಡಿಭಾಗಗಳ ಪಟ್ಟಿಯಲ್ಲಿ ರಸ್ತೆಗೆ ಅನುಮೋದನೆ ಇರುವ ಸೈಲೆನ್ಸರ್ ಮಾರುತ್ತಿದ್ದರೆ ಅಲ್ಲೇ ನಿಲ್ಲಿ. ಇಲ್ಲದಿದ್ದರೆ, ಮೇಲೆ ಹೇಳಿದ ದಂಡ ನೆನಪಿಟ್ಟುಕೊಂಡೇ, ಬಾಲ ಮಾತ್ರ ಬದಲಿಸುವ ಸ್ಲಿಪ್ ಆನ್ ನೋಡಿ. ಬೆಂಡ್ ಪೈಪಿನ ಸೆನ್ಸರ್ ಅದರ ಜಾಗದಲ್ಲೇ ಉಳಿಯುತ್ತದೆ. ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ನಿಮ್ಮ ಗಾಡಿಯಲ್ಲಿ ಬೆಂಡಿನಲ್ಲಿದೆಯೋ ಸೈಲೆನ್ಸರಿನ ಹೊಟ್ಟೆಯಲ್ಲಿದೆಯೋ ಕೇಳಿಕೊಳ್ಳಿ. ಹೊಟ್ಟೆಯಲ್ಲಿದ್ದರೆ ಅದನ್ನು ಬಿಚ್ಚಿದ ಕೂಡಲೇ ಗಾಡಿ ಬಿಎಸ್ 6 ಆಗಿ ಉಳಿಯುವುದಿಲ್ಲ. ಬೆಂಡ್ ಸಮೇತ ಎಲ್ಲ ಬದಲಿಸುವ ಫುಲ್ ಸಿಸ್ಟಮ್ ಹಾಕಿಸಿ, ಇಸಿಯು ಕೋಷ್ಟಕ ತಿದ್ದಿಸುವುದು, ಅಂದರೆ ರೀಮ್ಯಾಪ್, ಟ್ರ್ಯಾಕಿನ ಗಾಡಿಯ ಕೆಲಸ. ವಾರಂಟಿಯ ಆಸೆ ಅಲ್ಲಿಗೆ ಬಿಡಬೇಕು.

ಅಂಗಡಿಯಲ್ಲಿ ಸದ್ದು ಕೇಳುವ ಮೊದಲು ಒಳಗೆ ಬೆರಳು ಹಾಕಿ ನೋಡಿ. ತೂತು ಕೊಳವೆಯ ಸುತ್ತ ಗ್ಲಾಸ್ ವುಲ್ ಬಿಗಿಯಾಗಿ ತುಂಬಿರಬೇಕು. ಅದು ಸುಟ್ಟು ಉದುರುತ್ತ ಹೋದಂತೆ ಸದ್ದು ತಾನಾಗಿ ಏರುತ್ತದೆ, ಮತ್ತೆ ತುಂಬಿಸುವ ಹಾಗೆ ರಿವೆಟ್ ಅಥವಾ ಬೋಲ್ಟ್ ಇದೆಯೇ ಗಮನಿಸಿ. ಮಂಗಳೂರು ಕಡೆಯ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಕ್ರೋಮ್ ಬಳಿದ ಮಾಮೂಲಿ ಕಬ್ಬಿಣ ಎರಡು ಮಳೆಗಾಲ ಕಂಡರೆ ಹೆಚ್ಚು. 304 ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಹಿಂದೆ ಕೂರುವವರ ಹಿಮ್ಮಡಿಗೆ ತಾಗುತ್ತದೆಯೇ ಎಂದು ಒಬ್ಬರನ್ನು ಕೂರಿಸಿಯೇ ನೋಡಬೇಕು. ಜೋಡಣೆಯ ಗ್ಯಾಸ್‌ಕೆಟ್ ಹೊಸದೇ ಇರಲಿ. ಅಲ್ಲಿ ಗಾಳಿ ಒಳಸೇರಿದರೆ ಥ್ರಾಟಲ್ ಬಿಟ್ಟಾಗಲೆಲ್ಲ ಪಟಪಟ ಎನ್ನುತ್ತದೆ. ಇನ್ನು ಆಕ್ರಪೋವಿಕ್ ಎಂಬ ಸ್ಟಿಕ್ಕರು: ಸ್ಲೊವೇನಿಯಾದ ಆ ಕಂಪನಿಯ ಸೈಲೆನ್ಸರ್ ಎರಡು ಸಾವಿರಕ್ಕೆ ಸಿಗುವುದಿಲ್ಲ. ಸ್ಟಿಕ್ಕರ್ ಮಾತ್ರ ಸಿಗುತ್ತದೆ. ಇ ಎಂಬ ಅಕ್ಷರದ ಪಕ್ಕ ಅಂಕಿ ಕೆತ್ತಿರುವುದು ಯುರೋಪಿನ ಅನುಮೋದನೆ, ನಮ್ಮ ಠಾಣೆಯಲ್ಲಿ ಅದನ್ನು ತೋರಿಸಿ ತಪ್ಪಿಸಿಕೊಳ್ಳಲಾಗದು.

ಬಿಚ್ಚಿದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಒಳಗಿನ ನೀರು ಬಸಿದು, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗೋಣಿ ಸುತ್ತಿ ಅಟ್ಟದ ಮೇಲಿಡಿ. ಹೋದ ವರ್ಷ ಆ ಹಳೇ ಗ್ಯಾರೇಜಿಗೆ ಹೋಗಿದ್ದೆ. ಸೀಮೆಎಣ್ಣೆ ಹಚ್ಚುತ್ತಿದ್ದ ಹುಡುಗನೇ ಈಗ ಯಜಮಾನ, ತಲೆ ನರೆತಿದೆ. ಅಪ್ಪನ ಆರ್‌ಎಕ್ಸ್ 100 ರಿಪೇರಿಗೆ ತಂದಿದ್ದ ಕಾಲೇಜು ಹುಡುಗನೊಬ್ಬ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದ.

“ಅಂಕಲ್, ಕಂಪನಿ ಬಾಫಲ್ ಎಲ್ಲಾದ್ರೂ ಇದ್ಯಾ? ಎಷ್ಟಾದ್ರೂ ಕೊಡ್ತೀನಿ.”

“ನಿಮ್ಮಪ್ಪನ್ನೇ ಕೇಳಪ್ಪ,” ಅಂದರು ಅವರು. “ಬೇಡ ಅಂತ ಇಲ್ಲೇ ಬಿಟ್ಟು ಹೋಗಿದ್ರು.”