ಅಜ್ಜಿ ಮನೆಯ ಮಗುವಿಗೆ ಯಾವ ಆದೇಶ? ಬಾಲನ್ಯಾಯ ಕಾಯ್ದೆಯ ಟಿಪ್ಪಣಿ

ತಂದೆತಾಯಿ ತೀರಿಕೊಂಡ ಮಗುವನ್ನು ಅಜ್ಜಿಗೋ ಚಿಕ್ಕಪ್ಪನಿಗೋ ಒಪ್ಪಿಸಿದರೆ ಅದನ್ನು ‘ಫಾಸ್ಟರ್ ಕೇರ್’ ಎಂದು ಬರೆಯುವವರೇ ಹೆಚ್ಚು. 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 2(29) ಓದಿ: ಮಗುವಿನ ಜೈವಿಕ ಕುಟುಂಬವಲ್ಲದ, ಮಕ್ಕಳ ಕಲ್ಯಾಣ ಸಮಿತಿ (ಆಸರೆ ಬೇಕಾದ ಮಕ್ಕಳ ಬಗ್ಗೆ ತೀರ್ಮಾನಿಸುವ ಜಿಲ್ಲಾ ಸಮಿತಿ) ಪರಿಶೀಲಿಸಿ ಒಪ್ಪಿದ ಬೇರೊಂದು ಕುಟುಂಬದಲ್ಲಿ ಇರಿಸುವುದು ಫಾಸ್ಟರ್ ಕೇರ್. ಬಂಧುಗಳಿಗೆ ಹೊಂದುವುದು ಸೆಕ್ಷನ್ 37ರ ಆದೇಶಗಳು. ಕುಟುಂಬಕ್ಕೆ ಮರಳಿಸಬಹುದು, ಇಲ್ಲವೇ ಬಂಧುವನ್ನು ‘ಯೋಗ್ಯ ವ್ಯಕ್ತಿ’, ಅಂದರೆ ಮಗುವಿನ ಹೊಣೆ ಹೊರಲು ತಕ್ಕವರು, ಎಂದು ಗುರುತಿಸಿ ಒಪ್ಪಿಸಬಹುದು. ಖರ್ಚಿಗೆ ಸೆಕ್ಷನ್ 45ರ ಪ್ರಾಯೋಜಕತ್ವ, ಅಂದರೆ ಮಗುವನ್ನು ಸಾಕಲು ಕೊಡುವ ನೆರವು, ಇದೆ. ಬಂಧುಗಳ ಜೊತೆ ಬೆಳೆಯುವ ಅನಾಥ ಮಕ್ಕಳನ್ನು ಅದು ನೇರವಾಗಿಯೇ ಹೆಸರಿಸುತ್ತದೆ.

ಕೇಂದ್ರದ ಮಕ್ಕಳ ರಕ್ಷಣೆಯ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಫಾಸ್ಟರ್ ಕೇರ್, ಪ್ರಾಯೋಜಕತ್ವ ಎರಡಕ್ಕೂ ತಿಂಗಳಿಗೆ 4000 ರೂಪಾಯಿ. ಆದರೂ ಹೆಸರು ತಪ್ಪಬಾರದು, ಏಕೆಂದರೆ ಪ್ರಾಯೋಜಕತ್ವಕ್ಕೆ ವಾರ್ಷಿಕ ವರಮಾನದ ಮಿತಿಯಿದೆ: ಹಳ್ಳಿಯಲ್ಲಿ 72,000, ಉಳಿದೆಡೆ 96,000 ರೂಪಾಯಿ.

ಕ್ರಮ ಹೀಗೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗು ಸಮಿತಿಯ ಮುಂದೆ ಬರಬೇಕು. 15 ದಿನದಲ್ಲಿ ಸಾಮಾಜಿಕ ತನಿಖೆ, ಅಂದರೆ ಮಗುವಿನ ಮನೆ-ಪರಿಸ್ಥಿತಿಯ ವಿಚಾರಣೆ, ಮುಗಿಯಬೇಕು, ಮೊದಲು ಹಾಜರುಪಡಿಸಿದ ದಿನದಿಂದ ನಾಲ್ಕು ತಿಂಗಳೊಳಗೆ ಅಂತಿಮ ಆದೇಶ ಬರಬೇಕು. ಇಡೀ ಪ್ರಕರಣ ನಿಲ್ಲುವುದು ಆ ತನಿಖಾ ವರದಿಯ ಮೇಲೆ. ‘ಅಜ್ಜಿ ಪ್ರೀತಿಯಿಂದ ನೋಡಿಕೊಳ್ಳುತ್ತಾರೆ’ ಎಂಬ ಒಂದು ಸಾಲು ಸಾಲದು. ಅಜ್ಜಿಗೆ ವಯಸ್ಸೆಷ್ಟು, ಹುಷಾರು ತಪ್ಪಿದರೆ ಮನೆಯಲ್ಲಿ ಇನ್ಯಾರಿದ್ದಾರೆ, ಮಗು ಎಲ್ಲಿ ಮಲಗುತ್ತದೆ, ಶಾಲೆ ಎಷ್ಟು ದೂರ, ಅಣ್ಣತಂಗಿ ಒಟ್ಟಿಗಿರುತ್ತಾರೋ ಎಂಬುದೆಲ್ಲ ಬೇಕು. ಮಗುವನ್ನು ಬಂಧುಗಳಿಲ್ಲದ ಜಾಗದಲ್ಲಿ ಕೂರಿಸಿ ಮಾತಾಡಿಸಿ, ಅದು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆಯಿರಿ. ಚಿಕ್ಕಪ್ಪ ಪಕ್ಕದಲ್ಲೇ ನಿಂತಿರುವಾಗ ‘ಇಷ್ಟವಿದೆ’ ಎಂದ ಮಗುವಿನ ಮಾತನ್ನು ನಂಬಿ ಮುಂದುವರಿಯುವುದು ಅನ್ಯಾಯ.

ಊರಿನ ಹಿರಿಯರು ಕೂತು ಬಾಯಿಮಾತಿನಲ್ಲೇ ಒಪ್ಪಿಸಿದ ಪ್ರಕರಣಗಳಲ್ಲಿ ಸಮಿತಿಯ ಆದೇಶವೂ ಇರುವುದಿಲ್ಲ, ಮನೆಗೆ ಹೋಗಿ ವಿಚಾರಿಸುವವರೂ ಇರುವುದಿಲ್ಲ.

ದತ್ತು ಬೇರೆಯೇ ವಿಷಯ. ಸೆಕ್ಷನ್ 2(52) ದತ್ತಿನ ಮಟ್ಟಿಗೆ ‘ಬಂಧು’ ಎನ್ನುವುದು ತಂದೆ ಅಥವಾ ತಾಯಿಯ ಕಡೆಯ ಅಜ್ಜ, ಅಜ್ಜಿ, ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಇಂಥವರನ್ನು ಮಾತ್ರ. ಒಡಹುಟ್ಟಿದ ಅಕ್ಕ ಈ ಪಟ್ಟಿಯಲ್ಲಿಲ್ಲ. ಆದರೆ ಆಕೆ ‘ಯೋಗ್ಯ ವ್ಯಕ್ತಿ’ ಆಗಲು ಇದು ಅಡ್ಡಿಯಲ್ಲ. 2021ರ ತಿದ್ದುಪಡಿಯ ನಂತರ ದತ್ತು ಆದೇಶ ಕೊಡುವವರು ಜಿಲ್ಲಾ ಮ್ಯಾಜಿಸ್ಟ್ರೇಟ್.

ಪಹಣಿಯಲ್ಲಿ ಮಗುವಿನ ಹೆಸರಿದ್ದರೆ ಇನ್ನೊಂದು ಎಚ್ಚರ. ಸಮಿತಿಯ ಆದೇಶ ಸಿಕ್ಕ ಮಾತ್ರಕ್ಕೆ ಆ ಜಮೀನಿನ ಮೇಲೆ ಚಿಕ್ಕಪ್ಪನಿಗೆ ಅಧಿಕಾರ ಬರುವುದಿಲ್ಲ. ಅದಕ್ಕೆ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ 1890ರ ಅಡಿ ಜಿಲ್ಲಾ ನ್ಯಾಯಾಲಯಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.