ಐದು ತುಂಡು ಮಾಡಿದರೂ ಪಾವ್ ಅಷ್ಟೇ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯ ಕೆಳಮನೆಯ ಅಕ್ಕ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ಬಡಿದರು. ಕೈಯಲ್ಲಿ ಮೊಬೈಲು, ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ನಲವತ್ತು ಸಾವಿರ ಇದ್ದದ್ದು ಎಂಟು ಸಾವಿರ ಆಗಿದೆ. ನಮ್ಮವರಿಗೆ ಹೇಳ್ಬೇಡಿ."

ಆ್ಯಪ್ ನೋಡಿದೆ. 20 ಷೇರು, ತಲಾ 400 ರೂಪಾಯಿ. ಹಾಕಿದ್ದು 30,000, ಇರುವುದು 8,000 ಅಂತ ಕೆಂಪು ಅಕ್ಷರದಲ್ಲಿತ್ತು. ಹಿಂದಿನ ಸಂಜೆ ಅದೇ ಷೇರಿಗೆ 2,000 ರೂಪಾಯಿ. ಕಂಪನಿ 10 ರೂಪಾಯಿ ಮುಖಬೆಲೆಯ (ಕಾಗದದ ಮೇಲಿನ ಬೆಲೆ, ಪೇಟೆಯದಲ್ಲ) ಒಂದು ಷೇರನ್ನು 2 ರೂಪಾಯಿಯ ಐದು ಷೇರಾಗಿ ಒಡೆದಿತ್ತು. ಇದಕ್ಕೇ ಸ್ಪ್ಲಿಟ್ ಅನ್ನುವುದು. ಬೆಲೆ ಬದಲಾಗಿತ್ತು, ಹೊಸ ಷೇರು ಇನ್ನೂ ಖಾತೆಗೆ ಬಂದಿರಲಿಲ್ಲ. ಎರಡು ದಿನದ ಮೇಲೆ 20ರ ಜಾಗದಲ್ಲಿ 100 ಷೇರು ಬಂದು ಕೂತವು. ಮತ್ತೆ ಅದೇ ನಲವತ್ತು ಸಾವಿರ.

ಮುಂದಿನ ವಾರ ಅವರೇ ಬಂದು ಕೇಳಿದರು: "ಇನ್ನೊಂದು ಕಂಪನಿನೂ ಸ್ಪ್ಲಿಟ್ ಮಾಡ್ತಿದೆಯಂತೆ. ಈಗಲೇ ತಗೊಂಡ್ರೆ ಐದು ಪಟ್ಟು ಆಗುತ್ತೆ, ಅಲ್ವಾ?" ಹೋದ ವಾರದ ಭಯಕ್ಕೂ ಈ ವಾರದ ಆಸೆಗೂ ಬೇರು ಒಂದೇ. ಷೇರಿನ ಎಣಿಕೆಯನ್ನೇ ಆಸ್ತಿ ಅಂದುಕೊಳ್ಳುವುದು.

ನಮ್ಮ ಬೇಕರಿಯಲ್ಲಿ ಪಾವ್ ಲಾದಿಯಾಗಿ ಬರುತ್ತದೆ, ಒಂದಕ್ಕೊಂದು ಅಂಟಿಕೊಂಡು. ಕಿತ್ತು ಬಿಡಿಬಿಡಿ ಮಾಡಿದರೆ ತೂಕ ಹೆಚ್ಚುವುದಿಲ್ಲ. ಆದರೆ ಒಂದೇ ಪಾವ್ ಬೇಕಾದವನಿಗೂ ಕೊಳ್ಳಲು ಆಗುತ್ತದೆ. ಸ್ಪ್ಲಿಟ್‌ನ ನಿಜವಾದ ಉಪಯೋಗ ಇಷ್ಟೇ. ಸಣ್ಣ ಕೈಗೂ ಎಟುಕುತ್ತದೆ, ಕೊಡುಕೊಳ್ಳುವಿಕೆ ಸ್ವಲ್ಪ ಸಲೀಸಾಗುತ್ತದೆ.

ಇಡೀ ದೇಶದ ರೂಪಾಯಿಗೇ ಒಮ್ಮೆ ಹೀಗಾಗಿದೆ. 1957ರ ಏಪ್ರಿಲ್ 1ರವರೆಗೆ ರೂಪಾಯಿಗೆ 16 ಆಣೆ, ಅಂದರೆ 64 ಪೈಸೆ. ಅಂದಿನಿಂದ 100 ನಯಾ ಪೈಸೆ. ಮಾಟುಂಗದ ಉಡುಪಿ ಹೋಟೆಲಿಗೆ ರೂಪಾಯಿ ಹಿಡಿದು ಹೋದವನಿಗೆ ಅವತ್ತು ಇಡ್ಲಿಯೇನೂ ಜಾಸ್ತಿ ಸಿಗಲಿಲ್ಲ. ನಾವು ಇವತ್ತಿಗೂ "ಹದಿನಾರಾಣೆ ಸತ್ಯ" ಅನ್ನುತ್ತೇವೆ. ರೂಪಾಯಿಯನ್ನು ನೂರು ಮಾಡಿದರೂ ಪೂರ್ತಿ ಅನ್ನುವುದು ಪೂರ್ತಿಯಾಗಿಯೇ ಉಳಿಯಿತು.

ಮುಖಬೆಲೆಯೂ ಅಂಥದೇ, ಅಳತೆಪಟ್ಟಿಯ ಮೇಲಿನ ಗೀಟು. 1999ಕ್ಕೆ ಮುಂಚೆ ಅದು 10 ಅಥವಾ 100 ರೂಪಾಯಿ ಇರಬೇಕಿತ್ತು. ಆಮೇಲೆ ಷೇರುಪೇಟೆಯ ಮೇಲ್ವಿಚಾರಣೆ ನೋಡುವ ಸೆಬಿ ಆ ಕಟ್ಟು ಸಡಿಲಿಸಿತು. ಈ ಗೀಟು ಜನರನ್ನು ಮೋಸ ಮಾಡುವುದು ಡಿವಿಡೆಂಡ್‌ನಲ್ಲಿ, ಅಂದರೆ ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲಿನಲ್ಲಿ. "500% ಡಿವಿಡೆಂಡ್" ಅಂತ ಓದಿ ಹಿಗ್ಗುವವರನ್ನು ಲೋಕಲ್ ರೈಲಿನಲ್ಲಿ ದಿನಾ ನೋಡುತ್ತೇನೆ. ಆ ಶೇಕಡಾ ಲೆಕ್ಕ ಮುಖಬೆಲೆಯ ಮೇಲೆ. ಮುಖಬೆಲೆ 2 ರೂಪಾಯಿಯಾದರೆ 500% ಅಂದರೆ 10 ರೂಪಾಯಿ. ಪೇಟೆಯಲ್ಲಿ ಆ ಷೇರಿಗೆ 1,000 ಕೊಟ್ಟಿದ್ದರೆ ನಿಮಗೆ ಬಂದದ್ದು ಒಂದೇ ಪರ್ಸೆಂಟು.

ಹಾಗಾದರೆ ಸ್ಪ್ಲಿಟ್ ಮಾಡಿದ ಕಂಪನಿಗಳ ಬೆಲೆ ಏರಿದ್ದು ಕಾಣುತ್ತದಲ್ಲ? 1969ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ ಮತ್ತು ಮೂವರು ಜೊತೆಗಾರರು ಇದನ್ನು ಅಳೆದರು. ನ್ಯೂಯಾರ್ಕ್ ಪೇಟೆಯಲ್ಲಿ 1927ರಿಂದ 1959ರವರೆಗೆ ಆದ 940 ಸ್ಪ್ಲಿಟ್‌ಗಳು. ಅವರ ಉಪಾಯ ನನಗೆ ತುಂಬಾ ಇಷ್ಟ. ಪ್ರತಿ ಸ್ಪ್ಲಿಟ್ ಆದ ತಿಂಗಳನ್ನು, ಯಾವ ವರ್ಷದ್ದೇ ಇರಲಿ, ಸೊನ್ನೆ ಅಂತಿಟ್ಟರು. ಇಡೀ ಪೇಟೆಯೇ ಏರಿದ ಇಳಿದ ಪಾಲನ್ನು ಕಳೆದರು. ಉಳಿದದ್ದನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆದರು. ಸೊನ್ನೆಗೆ ಮುಂಚಿನ ತಿಂಗಳುಗಳಲ್ಲಿ ಗೆರೆ ಮೇಲೇರಿತ್ತು. ಸೊನ್ನೆ ದಾಟಿದ ಮೇಲೆ ಸಪಾಟು! ಚೆನ್ನಾಗಿ ನಡೆದು ಬೆಲೆ ಏರಿದ ಕಂಪನಿಗಳೇ ಆಮೇಲೆ ಷೇರು ಒಡೆಯುತ್ತವೆ. ಮಳೆ ಬಂದದ್ದಕ್ಕೆ ಕೊಡೆ ಬಿಚ್ಚಿದ್ದು, ಕೊಡೆ ಬಿಚ್ಚಿದ್ದಕ್ಕೆ ಮಳೆ ಬಂದದ್ದಲ್ಲ. ಮುಂದೆ ಅಮೆರಿಕದಲ್ಲೇ ಬೇರೆಯವರು ನೋಡಿದಾಗ ಸ್ಪ್ಲಿಟ್ ನಂತರದ ವರ್ಷವೂ ಸ್ವಲ್ಪ ಜಾಸ್ತಿ ಗಳಿಕೆ ಕಂಡದ್ದುಂಟು. ಅದನ್ನೂ ಆಡಳಿತದವರ ಧೈರ್ಯದ ಸುಳಿವು ಅಂತಲೇ ಓದುತ್ತಾರೆ. ಹೊಸ ದುಡ್ಡು ಕಂಪನಿಗೆ ಎಲ್ಲಿಂದಲೂ ಬಂದಿರುವುದಿಲ್ಲ.

ನಮ್ಮಲ್ಲೇ ಒಂದು ಸೊಗಸಾದ ಉದಾಹರಣೆ ಇದೆ. ಐಆರ್‌ಸಿಟಿಸಿ ಷೇರು 10 ರೂಪಾಯಿಯಿಂದ 2ಕ್ಕೆ ಒಡೆದದ್ದು 2021ರ ಅಕ್ಟೋಬರ್ 28ರಂದು. ಅದೇ ಸಂಜೆ ಸುದ್ದಿ ಬಂತು, ಟಿಕೆಟ್ ಬುಕಿಂಗ್‌ನ ಸೇವಾಶುಲ್ಕದಲ್ಲಿ ರೈಲ್ವೆಗೆ ಅರ್ಧ ಕೊಡಬೇಕು ಅಂತ. ಮರುದಿನ ಷೇರು ಒಂದು ಹಂತದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಕುಸಿಯಿತು. ಸರ್ಕಾರ ಅವತ್ತೇ ನಿರ್ಧಾರ ಹಿಂದೆಗೆದುಕೊಂಡಿತು, ಬೆಲೆ ಚೇತರಿಸಿತು. ಐದು ತುಂಡು ಮಾಡಿದ್ದು ಯಾರ ಜೇಬನ್ನೂ ಮುಟ್ಟಲಿಲ್ಲ. ಆ ಶುಲ್ಕದ ಆದಾಯದಲ್ಲಿ ಅರ್ಧ ಹೋಗುತ್ತೆ ಅಂದ ಕೂಡಲೇ ನೆಲ ನಡುಗಿತು.

ಇತ್ತ ಟೈರು ಕಂಪನಿ ಎಂಆರ್‌ಎಫ್ ಷೇರಿನ ಮುಖಬೆಲೆ ಈಗಲೂ 10 ರೂಪಾಯಿಯೇ. 2023ರ ಜೂನ್‌ನಲ್ಲಿ ಅದರ ಒಂದು ಷೇರು ಲಕ್ಷ ರೂಪಾಯಿ ದಾಟಿತು. ಒಡೆಯದಿದ್ದರೂ ಷೇರುದಾರರ ಗಳಿಕೆ ನಿಲ್ಲಲಿಲ್ಲ.

ಒಡೆದ ಷೇರನ್ನು ಹತ್ತು-ಹದಿನೈದು ವರ್ಷ ಇಟ್ಟುಕೊಂಡವರು ಲೆಕ್ಕ ತಪ್ಪುವುದೂ ಈ ಎಣಿಕೆಯಲ್ಲೇ. 1,000ಕ್ಕೆ ಕೊಂಡ ಷೇರು ಹತ್ತಾಗಿ ಒಡೆದು, ಇವತ್ತು 300 ಅಂತ ತೋರಿಸಿದರೆ ನಷ್ಟವಲ್ಲ. ನಿಮ್ಮ ಬಳಿ 3,000 ಇದೆ, ಮೂರು ಪಟ್ಟು. 15 ವರ್ಷದಲ್ಲಿ ಆದದ್ದಾದರೆ ಚಕ್ರಬಡ್ಡಿ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 7.6%, ಡಿವಿಡೆಂಡ್ ಬೇರೆ. ತೆರಿಗೆಗೂ ಹೀಗೇ: ಕೊಂಡ ಬೆಲೆಯನ್ನು ಹಂಚಬೇಕು, ಕೊಂಡ ದಿನ ಹಳೆಯದೇ. ಕಂಪನಿ ಪುಕ್ಕಟೆ ಕೊಡುವ ಬೋನಸ್ ಷೇರಾದರೆ ಬೇರೆ. ಅದರ ಕೊಂಡ ಬೆಲೆ ಸಾಮಾನ್ಯವಾಗಿ ಸೊನ್ನೆ, ದಿನ ಅದು ಕೈಗೆ ಬಂದ ದಿನ.

ಅಕ್ಕ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಷೇರಿನ ಲೆಕ್ಕವನ್ನೂ ಬರೆದಿಡುತ್ತಾರೆ. ನನ್ನೆದುರೇ 20 ಹೊಡೆದು 100 ಬರೆದರು, 1,500 ಹೊಡೆದು 300 ಬರೆದರು. ತಾರೀಖಿನ ಮೇಲೆ ಪೆನ್ನು ಒಂದು ಕ್ಷಣ ನಿಂತಿತು. ಹಾಗೇ ಬಿಟ್ಟು, ಕೆಳಗೆ ಒಟ್ಟು 30,000 ಅಂತ ಬರೆದು ಗೀಟು ಎಳೆದರು.