ಡಾರ್ತ್ ವೇಡರ್‌ಗೆ ದನಿ ಕೊಟ್ಟವರ ಹೆಸರು ತೆರೆಯ ಮೇಲೆ ಏಕಿರಲಿಲ್ಲ?

ಪ್ರಶ್ನೆ: ‘ಸ್ಟಾರ್ ವಾರ್ಸ್’ ಚಿತ್ರಗಳ ಮುಖವಾಡಧಾರಿ ಖಳನಾಯಕ ಡಾರ್ತ್ ವೇಡರ್ ಪಾತ್ರದ ದನಿ ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಆದರೂ 1977ರಲ್ಲಿ ಮೊದಲ ಚಿತ್ರ ಬಿಡುಗಡೆಯಾದಾಗ ಕಲಾವಿದರ ಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲವಂತೆ. ಇದು ಅವರಿಗಾದ ಅನ್ಯಾಯವಲ್ಲವೇ?

ಉತ್ತರ: ಅಲ್ಲ. ಹೆಸರು ಬೇಡವೆಂದವರು ಸ್ವತಃ ಜೋನ್ಸ್. ಕಪ್ಪು ಮುಖವಾಡದೊಳಗೆ ನಿಂತು ನಟಿಸಿದವರು ಆರೂವರೆ ಅಡಿ ಎತ್ತರದ ಇಂಗ್ಲಿಷ್ ನಟ ಡೇವಿಡ್ ಪ್ರೌಸ್. ಅವರ ಮಾತಿನ ಧಾಟಿ ಪಾತ್ರಕ್ಕೆ ಹೊಂದದ ಕಾರಣ, ನಿರ್ದೇಶಕ ಜಾರ್ಜ್ ಲ್ಯೂಕಸ್ ಇನ್ನಷ್ಟು ಗಂಭೀರವಾದ ಕಂಠವನ್ನು ಹುಡುಕಿದರು. ಮುಖವಾಡದ ಉಸಿರಾಟದ ಸದ್ದನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ನೀರೊಳಗೆ ಮುಳುಗುವವರು ಬಳಸುವ ಉಸಿರಾಟದ ಉಪಕರಣದಿಂದ ಸೃಷ್ಟಿಸಿದ್ದರು. ಹೀಗೆ ಹಲವರು ಸೇರಿ ಕಟ್ಟಿದ ಪಾತ್ರದಲ್ಲಿ ತಮ್ಮ ಪಾಲು ಕೆಲವೇ ಗಂಟೆಗಳ ಧ್ವನಿಮುದ್ರಣ, ಅದಕ್ಕೆ ದೊರೆತ ಸಂಭಾವನೆ 7,000 ಡಾಲರ್ ಎಂದು ಜೋನ್ಸ್ ಹೇಳಿಕೊಂಡಿದ್ದರು.

ಇದಕ್ಕೊಂದು ಹಿನ್ನೆಲೆಯೂ ಇತ್ತು. 1973ರ ‘ದಿ ಎಕ್ಸಾರ್ಸಿಸ್ಟ್’ ಚಿತ್ರದಲ್ಲಿ ಬಾಲನಟಿ ಲಿಂಡಾ ಬ್ಲೇರ್ ಅವರ ಮೈಮೇಲೆ ಬಂದ ಪಿಶಾಚಿಗೆ ದನಿ ನೀಡಿದ ಮರ್ಸಿಡಿಸ್ ಮೆಕೇಂಬ್ರಿಜ್, ತಮ್ಮ ಹೆಸರನ್ನು ಕೈಬಿಟ್ಟದ್ದಕ್ಕೆ ಪ್ರತಿಭಟಿಸಿದ್ದರು. ಅಂಥ ದನಿ ‘ಸ್ಪೆಷಲ್ ಎಫೆಕ್ಟ್’ ಮಾತ್ರ ಎಂಬುದು ಆಗ ಜೋನ್ಸ್ ಅವರ ನಿಲುವಾಗಿತ್ತು. ತಮ್ಮ ಸರದಿ ಬಂದಾಗಲೂ ಅವರು ಅದಕ್ಕೇ ಬದ್ಧರಾಗಿ ಉಳಿದರು. ಆ ನಿಲುವನ್ನು ನಾನು ಒಪ್ಪಲಾರೆ, ಏಕೆಂದರೆ ಕಂಠದಾನವೂ ಪೂರ್ಣ ಪ್ರಮಾಣದ ಅಭಿನಯವೇ. ಆದರೆ ಇತರರಿಗೆ ಅನ್ವಯಿಸಿದ ನಿಯಮವನ್ನು ತಮಗೂ ಅನ್ವಯಿಸಿಕೊಂಡ ಅವರ ಪ್ರಾಮಾಣಿಕತೆ ದೊಡ್ಡದು. ‘ಸ್ಟಾರ್ ವಾರ್ಸ್’ನ ಮೂರನೆಯ ಚಿತ್ರ 1983ರಲ್ಲಿ ಬರುವ ಹೊತ್ತಿಗೆ ಆ ದನಿ ಯಾರದೆಂಬುದು ಜನಜನಿತವಾಗಿದ್ದರಿಂದ ಹೆಸರು ಹಾಕಲು ಒಪ್ಪಿದರು.

ಆ ದನಿ ಅವರಿಗೆ ಸುಲಭವಾಗಿ ಒಲಿದದ್ದಲ್ಲ. 1931ರಲ್ಲಿ ಮಿಸಿಸಿಪಿಯ ಅರ್ಕಬಟ್ಲದಲ್ಲಿ ಹುಟ್ಟಿದ ಜೋನ್ಸ್, ಅಜ್ಜ–ಅಜ್ಜಿಯೊಂದಿಗೆ ಮಿಷಿಗನ್‌ಗೆ ಹೋದ ಮೇಲೆ ವಿಪರೀತ ಉಗ್ಗಿನಿಂದಾಗಿ ಸುಮಾರು ಎಂಟು ವರ್ಷ ಹೆಚ್ಚುಕಡಿಮೆ ಮೂಕರಂತೆಯೇ ಇದ್ದರು. ಪ್ರೌಢಶಾಲೆಯಲ್ಲಿದ್ದಾಗ ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಹಣ್ಣನ್ನು ಕುರಿತು ಅವರೊಂದು ಕವಿತೆ ಬರೆದರು. ‘ಇದು ನಿನ್ನದೇ ಆಗಿದ್ದರೆ ತರಗತಿಯೆದುರು ಬಾಯಿಪಾಠ ಹೇಳು’ ಎಂದು ಶಿಕ್ಷಕ ಡೊನಾಲ್ಡ್ ಕ್ರೌಚ್ ಸವಾಲೊಡ್ಡಿದರು. ಹುಡುಗ ಎದ್ದು ನಿಂತು ಒಂದು ಪದವೂ ಉಗ್ಗದೆ ಹೇಳಿ ಮುಗಿಸಿದ. ಛಂದಸ್ಸಿನ ಲಯಕ್ಕೆ ಕಟ್ಟುಬಿದ್ದ ಮಾತು ತಡವರಿಸುವುದಿಲ್ಲವೆಂಬುದು ತಿಳಿದ ಮೇಲೆ ಗಟ್ಟಿಯಾಗಿ ಓದುವುದೇ ಅವರಿಗೆ ಅಭ್ಯಾಸವಾಯಿತು. ಉಗ್ಗು ಪೂರ್ತಿ ಹೋಗಲಿಲ್ಲ. ಅದನ್ನು ನಿಭಾಯಿಸುವುದನ್ನು ಅವರು ಕಲಿತರು.

ಅವರನ್ನು ಕೇವಲ ದನಿಯೆಂದು ನೆನೆಯುವುದು ಮಾತ್ರ ನಿಜವಾದ ಅನ್ಯಾಯ. ‘ದಿ ಗ್ರೇಟ್ ವೈಟ್ ಹೋಪ್’ ನಾಟಕದ ಮುಷ್ಟಿಯೋಧನ ಪಾತ್ರಕ್ಕೆ 1969ರಲ್ಲಿ, ‘ಫೆನ್ಸಸ್’ ನಾಟಕಕ್ಕೆ 1987ರಲ್ಲಿ ಅವರಿಗೆ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಸಂದಿತು. ಮೊದಲನೆಯದರ ಚಲನಚಿತ್ರ ರೂಪ ಆಸ್ಕರ್ ನಾಮನಿರ್ದೇಶನವನ್ನೂ ತಂದಿತು. ‘ದಿ ಲಯನ್ ಕಿಂಗ್’ ಚಿತ್ರದ ಮುಫಾಸನಿಗೆ 1994ರಲ್ಲೂ 2019ರಲ್ಲೂ ಅವರೇ ದನಿಯಾದರು.

ಸೆಪ್ಟೆಂಬರ್ 9, 2024ರಂದು ಜೋನ್ಸ್ ನಿಧನರಾದರು. ಅದಕ್ಕೆ ಎರಡು ವರ್ಷ ಮೊದಲು ತೆರೆಕಂಡ ‘ಒಬಿ-ವಾನ್ ಕೆನೋಬಿ’ ಸರಣಿಯಲ್ಲಿ, ಅವರ ಹಳೆಯ ಧ್ವನಿಮುದ್ರಣಗಳ ಆಧಾರದಲ್ಲಿ ಉಕ್ರೇನಿನ ರಿಸ್ಪೀಚರ್ ಸಂಸ್ಥೆ ವೇಡರ್‌ನ ದನಿಯನ್ನು ಕಂಪ್ಯೂಟರಿನಿಂದ ರೂಪಿಸಿತ್ತು. ಅದಕ್ಕೆ ಜೋನ್ಸ್ ಅವರ ಒಪ್ಪಿಗೆಯಿತ್ತು.